ಸಮನ್ಸ್‌ಗೆ ಹಾಜರಾಗದಿದ್ದರೆ ಏನಾಗುತ್ತದೆ, ವಾರಂಟ್ ಹೊರಟಿದ್ದರೆ ಏನು ಮಾಡಬೇಕು

ಸಮನ್ಸ್ ಕೈಗೆ ಬಂದ ಮೇಲೂ ನಿಗದಿತ ದಿನ ನ್ಯಾಯಾಲಯಕ್ಕೆ ಹೋಗದವರೆಲ್ಲ ಕಾನೂನನ್ನು ಧಿಕ್ಕರಿಸಿದವರಲ್ಲ. ಒಂದು ದಿನದ ಕೂಲಿ ತಪ್ಪುತ್ತದೆ ಎಂಬ ಚಿಂತೆ, ವಕೀಲರ ಶುಲ್ಕಕ್ಕೆ ಹಣವಿಲ್ಲದ ಸಂಕಟ, ಹೋದರೆ ಅಲ್ಲಿಂದಲೇ ಜೈಲಿಗೆ ಕಳುಹಿಸುತ್ತಾರೆ ಎಂದು ಯಾರೋ ಹುಟ್ಟಿಸಿದ ಹೆದರಿಕೆ, ಇವೆಲ್ಲ ಸೇರಿ ಜನರನ್ನು ಮನೆಯಲ್ಲೇ ಉಳಿಸಿಬಿಡುತ್ತವೆ. ವಾಸ್ತವದಲ್ಲಿ, ಜಾಮೀನು ಸಿಗುವಂಥ ಸಾಮಾನ್ಯ ಪ್ರಕರಣಗಳಲ್ಲಿ ಸಮನ್ಸ್‌ಗೆ ತಾವಾಗಿ ಹಾಜರಾದವರ ಹೆಸರನ್ನು ಮೊದಲ ದಿನ ಕೂಗುತ್ತಾರೆ, ಅವರ ಪರವಾಗಿ ವಕೀಲರು ವಕಾಲತ್ತು ಮತ್ತು ಜಾಮೀನು ಅರ್ಜಿ ಸಲ್ಲಿಸುತ್ತಾರೆ, ಮುಚ್ಚಳಿಕೆ ಬರೆಸಿಕೊಂಡು ಮುಂದಿನ ದಿನಾಂಕ ಕೊಡುತ್ತಾರೆ. ಹೋಗದೆ ಉಳಿದವರ ಪಾಡು ಬೇರೆ. ಮೂಲ ಪ್ರಕರಣದಲ್ಲಿ ಕೊನೆಗೆ ಖುಲಾಸೆಯಾಗಬಹುದಾಗಿದ್ದ ವ್ಯಕ್ತಿಯೂ ಕೇವಲ ಗೈರುಹಾಜರಿಯ ಕಾರಣಕ್ಕೆ ಬಂಧನಕ್ಕೊಳಗಾಗಬಹುದು. ಹಾಗಾಗಿ ಸಮನ್ಸ್ ಬಂದ ದಿನದಿಂದ ಏನೇನು ಮಾಡಬೇಕು, ಮಾಡದಿದ್ದರೆ ಪರಿಣಾಮಗಳು ಹೇಗೆ ಬೆಳೆಯುತ್ತವೆ, ಬೆಳೆದ ಮೇಲೆ ಹಿಂದಿರುಗುವ ದಾರಿ ಯಾವುದು ಎಂಬುದನ್ನು ಕ್ರಮವಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಬಂದಿರುವ ಕಾಗದ ಯಾವುದೆಂದು ಗುರುತಿಸಿ

ವಕೀಲರೊಬ್ಬರ ಲೆಟರ್‌ಹೆಡ್‌ನಲ್ಲಿ ಬಂದದ್ದು ಲೀಗಲ್ ನೋಟಿಸ್. ಅದಕ್ಕೆ ಉತ್ತರ ಕೊಡುವುದು ಒಳ್ಳೆಯದು, ಆದರೆ ಅದು ನ್ಯಾಯಾಲಯದ ಕರೆ ಅಲ್ಲ. ಪೊಲೀಸ್ ಠಾಣೆಯ ಮೊಹರಿನೊಂದಿಗೆ, ವಿಚಾರಣೆಗೆ ಠಾಣೆಗೆ ಬರುವಂತೆ ಸೂಚಿಸುವ ಕಾಗದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸ್ ಆಗಿರಬಹುದು. ಹಿಂದೆ ಇದನ್ನು 41ಎ ನೋಟಿಸ್ ಎನ್ನುತ್ತಿದ್ದರು. ಈ ನೋಟಿಸ್‌ನಂತೆ ನಡೆದುಕೊಂಡವರನ್ನು ಪೊಲೀಸರು ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸದೆ ಬಂಧಿಸುವಂತಿಲ್ಲ. ನಡೆದುಕೊಳ್ಳದವರಿಗೆ ಆ ರಕ್ಷಣೆ ಉಳಿಯುವುದಿಲ್ಲ. ಇಂಥ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದರೆ ಅದು ಕಾನೂನುಬದ್ಧ ಜಾರಿಯಾಗದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ.

ನ್ಯಾಯಾಲಯದ ಸಮನ್ಸ್‌ನಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಹಾಜರಾಗಬೇಕಾದ ದಿನಾಂಕ ಮತ್ತು ಸಮಯ, ನ್ಯಾಯಾಲಯದ ಮೊಹರು, ಸಹಿ ಇರುತ್ತವೆ. ಸಂಖ್ಯೆಯ ಮುಂದೆ ‘ಸಿ.ಸಿ.’ ಎಂದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಕ್ರಿಮಿನಲ್ ಪ್ರಕರಣ, ‘ಓ.ಎಸ್.’ ಎಂದಿದ್ದರೆ ಸಿವಿಲ್ ದಾವೆ, ‘ಎಂ.ಸಿ.’ ಎಂದಿದ್ದರೆ ಸಾಮಾನ್ಯವಾಗಿ ವೈವಾಹಿಕ ಪ್ರಕರಣ. ನಿಮ್ಮನ್ನು ಆರೋಪಿಯಾಗಿ ಕರೆದಿದ್ದಾರೆಯೇ, ಸಾಕ್ಷಿಯಾಗಿಯೇ, ಪ್ರತಿವಾದಿಯಾಗಿಯೇ ಎಂಬುದನ್ನು ತಪ್ಪದೆ ನೋಡಿ, ಏಕೆಂದರೆ ಮುಂದಿನ ಎಲ್ಲವೂ ಅದನ್ನೇ ಅವಲಂಬಿಸಿದೆ. ಹೊಸ ಕ್ರಿಮಿನಲ್ ಕಾನೂನುಗಳು 2024ರ ಜುಲೈ 1ರಿಂದ ಜಾರಿಗೆ ಬಂದಿದ್ದರೂ ಅದಕ್ಕೂ ಹಿಂದಿನಿಂದ ಬಾಕಿಯಿರುವ ವಿಚಾರಣೆಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಸಾಗುತ್ತವೆ. ಕಾಗದದ ಮೇಲೆ ಹಳೆಯ ಕಲಂ ಇದೆ ಎಂಬ ಕಾರಣಕ್ಕೆ ಅದನ್ನು ಬದಿಗಿಡಬೇಡಿ.

ಎರಡನೆಯ ಹೆಜ್ಜೆ: ಅಸಲಿಯೋ ನಕಲಿಯೋ ಪರೀಕ್ಷಿಸಿ

ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಜಿಲ್ಲೆ ಮತ್ತು ನ್ಯಾಯಾಲಯ ಸಂಕೀರ್ಣವನ್ನು ಆರಿಸಿ, ಪ್ರಕರಣದ ಸಂಖ್ಯೆ ಇಲ್ಲವೇ ಕಕ್ಷಿದಾರರ ಹೆಸರು ಹಾಕಿದರೆ ಪ್ರಕರಣದ ಸ್ಥಿತಿ ಕಾಣುತ್ತದೆ. ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆಯಿದ್ದು, ಕರ್ನಾಟಕದ ಪ್ರಕರಣಗಳಲ್ಲಿ ಅದು ‘ಕೆಎ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುತ್ತದೆ. ಇದನ್ನು ಬರೆದಿಟ್ಟುಕೊಂಡರೆ ಮುಂದಿನ ದಿನಾಂಕ ತಿಳಿಯಲು ಪ್ರತಿ ಬಾರಿ ಯಾರನ್ನೂ ಕೇಳಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಸಿಗದಿದ್ದರೆ ಆ ನ್ಯಾಯಾಲಯದ ಕಚೇರಿಗೇ ಹೋಗಿ ವಿಚಾರಿಸಬಹುದು.

ವಿಡಿಯೊ ಕರೆ ಮಾಡಿ ‘ನಿಮ್ಮ ಮೇಲೆ ವಾರಂಟ್ ಇದೆ, ಈ ಖಾತೆಗೆ ಹಣ ಹಾಕಿ’ ಎನ್ನುವವರು ನೂರಕ್ಕೆ ನೂರು ವಂಚಕರು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಯಾವ ನ್ಯಾಯಾಲಯವೂ ಫೋನಿನಲ್ಲಿ ಜಾಮೀನಿನ ಹಣ ಕೇಳುವುದಿಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಚಾರ ದಂಡದ ಹೆಸರಿನಲ್ಲಿ ಬರುವ ಎಪಿಕೆ ಫೈಲುಗಳನ್ನು ತೆರೆಯಲೇಬೇಡಿ.

‘ನನ್ನ ಕೈಗೆ ಕೊಟ್ಟೇ ಇಲ್ಲ’ ಎಂಬ ವಾದ ಎಷ್ಟು ನಿಲ್ಲುತ್ತದೆ

ಸಮನ್ಸ್ ಪಡೆಯದಿದ್ದರೆ ತೊಂದರೆಯಿಲ್ಲ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಕ್ರಿಮಿನಲ್ ಪ್ರಕರಣದ ಸಮನ್ಸನ್ನು ಸಾಮಾನ್ಯವಾಗಿ ಠಾಣೆಯ ಸಿಬ್ಬಂದಿ ತಂದು, ನಕಲಿನ ಹಿಂಭಾಗದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ನೀವು ಸಿಗದಿದ್ದರೆ ಮನೆಯಲ್ಲಿರುವ ವಯಸ್ಕ ಸದಸ್ಯರೊಬ್ಬರಿಗೆ ಕೊಡಬಹುದು. ಹಳೆಯ ಸಂಹಿತೆಯಲ್ಲಿ ವಯಸ್ಕ ಪುರುಷ ಸದಸ್ಯ ಎಂದಿತ್ತು, ಈಗ ಮನೆಯ ಹೆಣ್ಣುಮಕ್ಕಳ ಕೈಗೆ ಕೊಟ್ಟರೂ ಜಾರಿಯಾದಂತೆ. ಮನೆಗೆಲಸದವರಿಗೆ ಕೊಟ್ಟರೆ ಮಾತ್ರ ಅದು ಜಾರಿಯಲ್ಲ. ಯಾರೂ ಸಿಗದಿದ್ದಾಗ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಿ ಹೋಗಲೂ ಅವಕಾಶವಿದೆ. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಬಂದ ಸಮನ್ಸನ್ನು ನಿರಾಕರಿಸಿದರೆ, ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಅಂಚೆಯವರ ಷರಾದ ಆಧಾರದಲ್ಲೇ ಸಮನ್ಸ್ ಜಾರಿಯಾಗಿದೆ ಎಂದು ನ್ಯಾಯಾಲಯ ಘೋಷಿಸಬಹುದು. ಸಿವಿಲ್ ಸಮನ್ಸ್ ತರುವ ಅಮೀನರು ಮನೆಗೆ ಅಂಟಿಸಿ ಹಿಂದಿರುಗಿಸುವ ವರದಿಗೂ ಇಂಥದೇ ತೂಕವಿದೆ.

ಬೇಕೆಂದೇ ಸಮನ್ಸ್ ತಪ್ಪಿಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 206ರಂತೆ ತಾನೇ ಒಂದು ಅಪರಾಧ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಮನ್ಸ್ ಪಡೆಯದವನಿಗೆ ದಿನಾಂಕ ತಿಳಿಯುವುದಿಲ್ಲ, ದಿನಾಂಕ ತಿಳಿಯದವನಿಗೆ ವಾರಂಟ್ ಹೊರಟದ್ದೂ ತಿಳಿಯುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ನಿಜಕ್ಕೂ ಸಮನ್ಸ್ ತಲುಪದ ಪ್ರಾಮಾಣಿಕರೂ ಇದ್ದಾರೆ. ಬಾಡಿಗೆ ಮನೆ ಬದಲಿಸಿದವರು, ಹಳೆಯ ವಿಳಾಸವೇ ಆಧಾರ್‌ನಲ್ಲಿ ಉಳಿದವರು, ದುಡಿಮೆಗಾಗಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೋ ಗೋವಾಕ್ಕೋ ವಲಸೆ ಹೋದವರು ಇದರಲ್ಲಿ ಸೇರುತ್ತಾರೆ. ನಿಮ್ಮ ಮೇಲೆ ಎಂದಾದರೂ ಎಫ್‌ಐಆರ್ ಆಗಿದ್ದು, ನಂತರ ಏನಾಯಿತೆಂದು ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್‌ನಲ್ಲಿ ಠಾಣೆ ಮತ್ತು ಎಫ್‌ಐಆರ್ ಸಂಖ್ಯೆಯ ಮೂಲಕ ಇಂದೇ ಹುಡುಕಿ ನೋಡಿ. ವಿಳಾಸ ಬದಲಾಗಿದ್ದರೆ ವಕೀಲರ ಮೂಲಕ ನ್ಯಾಯಾಲಯಕ್ಕೂ, ಲಿಖಿತವಾಗಿ ಠಾಣೆಗೂ ತಿಳಿಸಿ.

ಕ್ರಿಮಿನಲ್ ಪ್ರಕರಣದಲ್ಲಿ ಹೋಗದಿದ್ದರೆ ಏನೇನಾಗುತ್ತದೆ

ಬೆಳಗ್ಗೆ 11 ಗಂಟೆಗೆ ಕಲಾಪ ಆರಂಭವಾಗುತ್ತದೆ. ಆ ದಿನದ ಪ್ರಕರಣಗಳ ಪಟ್ಟಿಯಂತೆ ಒಂದೊಂದಾಗಿ ಕರೆಯುತ್ತಾ ಬಂದಾಗ ನಿಮ್ಮ ಹೆಸರನ್ನೂ ಕೂಗುತ್ತಾರೆ. ಉತ್ತರ ಬರದಿದ್ದರೆ ಪ್ರಕರಣವನ್ನು ಬದಿಗಿಟ್ಟು ನಂತರ ಮತ್ತೆ ಕರೆಯುವುದೂ ಉಂಟು. ಆಗಲೂ ನೀವಿಲ್ಲ, ನಿಮ್ಮ ಪರ ವಕೀಲರೂ ಇಲ್ಲ ಎಂದಾದರೆ ನ್ಯಾಯಾಧೀಶರು ಆದೇಶ ಹಾಳೆಯಲ್ಲಿ ಒಂದು ಸಾಲು ಬರೆಸುತ್ತಾರೆ: ‘ಸಮನ್ಸ್ ಜಾರಿಯಾಗಿದೆ. ಆರೋಪಿ ಗೈರು. ವಾರಂಟ್ ಹೊರಡಿಸಿ.’ ತೊಂದರೆ ಆರಂಭವಾಗುವುದು ಈ ಸಾಲಿನಿಂದ.

ಸಾಮಾನ್ಯವಾಗಿ ಮೊದಲು ಹೊರಡುವುದು ಜಾಮೀನು ಸಹಿತ ವಾರಂಟ್. ಅದರಲ್ಲಿ ನಮೂದಿಸಿರುವ ಮೊತ್ತಕ್ಕೆ ಮುಚ್ಚಳಿಕೆ ಮತ್ತು ಜಾಮೀನುದಾರರನ್ನು ಕೊಟ್ಟು, ಇಂಥ ದಿನ ಹಾಜರಾಗುತ್ತೇನೆ ಎಂದು ಬರೆದುಕೊಟ್ಟರೆ ಪೊಲೀಸರೇ ಬಿಡುಗಡೆ ಮಾಡುತ್ತಾರೆ. ಅದಕ್ಕೂ ಸ್ಪಂದಿಸದಿದ್ದರೆ ಜಾಮೀನು ರಹಿತ ವಾರಂಟ್ ಬರುತ್ತದೆ, ಕೋರ್ಟ್ ಅಂಗಳದ ಮಾತಿನಲ್ಲಿ ಹೇಳುವುದಾದರೆ ‘ಎನ್‌ಬಿಡಬ್ಲ್ಯು’. ಮೊದಲು ಸಮನ್ಸ್, ಬಳಿಕ ಜಾಮೀನು ಸಹಿತ ವಾರಂಟ್, ಕೊನೆಗೆ ಜಾಮೀನು ರಹಿತ ವಾರಂಟ್ ಎಂಬ ಈ ಕ್ರಮವನ್ನು ಸುಪ್ರೀಂ ಕೋರ್ಟ್ 2007ರ ತೀರ್ಪೊಂದರಲ್ಲಿ ಒತ್ತಿ ಹೇಳಿದೆ. ಆದರೆ ಗಂಭೀರ ಅಪರಾಧಗಳಲ್ಲಿ, ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ನಂಬಲು ಕಾರಣವಿದ್ದಾಗ, ನೇರವಾಗಿ ಜಾಮೀನು ರಹಿತ ವಾರಂಟ್ ಹೊರಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ವಾರಂಟ್‌ಗೆ ಅವಧಿ ಮುಗಿಯುವುದಿಲ್ಲ. ಅದನ್ನು ಹೊರಡಿಸಿದ ನ್ಯಾಯಾಲಯ ರದ್ದುಪಡಿಸುವವರೆಗೆ ಅಥವಾ ಅದು ಜಾರಿಯಾಗುವವರೆಗೆ ಜೀವಂತವಾಗಿರುತ್ತದೆ, ಭಾರತದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು. ‘ಆರು ತಿಂಗಳಾಯಿತು, ಯಾರೂ ಬಂದಿಲ್ಲ, ಕೇಸು ಮುಗಿದಿರಬೇಕು’ ಎಂದು ಸಮಾಧಾನ ಪಟ್ಟುಕೊಳ್ಳುವವರು ಇದನ್ನು ಅರಿಯಬೇಕು.

ವಾರಂಟ್ ಹಲವು ಬಾರಿ ಜಾರಿಯಾಗದೆ ಹಿಂದಿರುಗಿ, ವ್ಯಕ್ತಿ ತಲೆಮರೆಸಿಕೊಂಡಿದ್ದಾನೆ ಎಂದು ಮನವರಿಕೆಯಾದರೆ ನ್ಯಾಯಾಲಯ ಉದ್ಘೋಷಣೆ ಹೊರಡಿಸುತ್ತದೆ. ಕನಿಷ್ಠ 30 ದಿನಗಳ ಕಾಲಾವಕಾಶ ಕೊಟ್ಟು, ಇಂಥ ದಿನ ಇಂಥ ಜಾಗದಲ್ಲಿ ಹಾಜರಾಗು ಎಂಬ ಪ್ರಕಟಣೆಯನ್ನು ಊರಿನಲ್ಲಿ ಬಹಿರಂಗವಾಗಿ ಓದಿ, ಮನೆಗೂ ನ್ಯಾಯಾಲಯದ ಫಲಕಕ್ಕೂ ಅಂಟಿಸುತ್ತಾರೆ, ಪತ್ರಿಕೆಯಲ್ಲಿ ಪ್ರಕಟಿಸಲೂಬಹುದು. ಇದರ ಜೊತೆಗೇ ಆಸ್ತಿ ಜಪ್ತಿಯ ಆದೇಶವೂ ಆಗಬಹುದು. ಜಪ್ತಿಯಾದ ಎರಡು ವರ್ಷಗಳ ಒಳಗೆ ಹಾಜರಾಗಿ, ತಾನು ವಾರಂಟ್ ತಪ್ಪಿಸಲು ಅಡಗಿರಲಿಲ್ಲ ಮತ್ತು ಸಕಾಲದಲ್ಲಿ ಹಾಜರಾಗುವಂಥ ಮಾಹಿತಿ ತನಗಿರಲಿಲ್ಲ ಎಂದು ಸಾಬೀತುಪಡಿಸಿದರೆ ಆಸ್ತಿ ಹಿಂದಕ್ಕೆ ಸಿಗುತ್ತದೆ.

ಉದ್ಘೋಷಣೆಯ ನಂತರವೂ ಹಾಜರಾಗದಿರುವುದು ನ್ಯಾಯ ಸಂಹಿತೆಯ ಕಲಂ 209ರ ಪ್ರತ್ಯೇಕ ಅಪರಾಧ, ಅದಕ್ಕೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 10 ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ‘ಘೋಷಿತ ಅಪರಾಧಿ’ ಎನಿಸಿಕೊಂಡವರಿಗೆ ಇದು 7 ವರ್ಷಗಳವರೆಗೆ ಹೋಗುತ್ತದೆ. ಮೂಲ ಪ್ರಕರಣ ಮುಗಿದರೂ ಈ ಅಪರಾಧದ ಪ್ರಕರಣ ಸ್ವತಂತ್ರವಾಗಿ ಮುಂದುವರಿಯಬಲ್ಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಉದ್ಘೋಷಿತರಿಗೆ ನಿರೀಕ್ಷಣಾ ಜಾಮೀನು ಸಾಮಾನ್ಯವಾಗಿ ಸಿಗುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 356 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಘೋಷಿತ ಅಪರಾಧಿ ಸಿಗುವ ಸಾಧ್ಯತೆ ಸದ್ಯಕ್ಕಿಲ್ಲದಿದ್ದರೆ, ನಿಗದಿತ ವಿಧಿವಿಧಾನಗಳನ್ನು ಪೂರೈಸಿ, ಅವನ ಗೈರಿನಲ್ಲೇ ವಿಚಾರಣೆ ನಡೆಸಿ ತೀರ್ಪು ಕೊಡಲು ಈಗ ಅವಕಾಶವಿದೆ.

ಹಲವು ಆರೋಪಿಗಳಿರುವ ಪ್ರಕರಣಗಳಲ್ಲಿ ನಮ್ಮ ನ್ಯಾಯಾಲಯಗಳಲ್ಲಿ ಇನ್ನೊಂದು ಬೆಳವಣಿಗೆ ಸಾಮಾನ್ಯ. ಬಾರದವನ ಪ್ರಕರಣವನ್ನು ಬೇರ್ಪಡಿಸಿ, ಬಂದವರ ವಿಚಾರಣೆಯನ್ನು ಮುಂದುವರಿಸುತ್ತಾರೆ. ಊರಿನ ಜಗಳವೊಂದರಲ್ಲಿ ಆರೋಪಿಗಳಾದ ಅಣ್ಣತಮ್ಮಂದಿರು ವಾಯಿದೆಗೆ ವಾಯಿದೆಗೆ ಬಂದು, ರಾಜಿಯಿಂದಲೋ ಸಾಕ್ಷ್ಯದ ಕೊರತೆಯಿಂದಲೋ ಬಿಡುಗಡೆಯಾಗಿ ಮನೆ ಸೇರುತ್ತಾರೆ. ಮುಂಬೈಗೆ ದುಡಿಯಲು ಹೋಗಿದ್ದ ಒಬ್ಬ ಮಾತ್ರ ಆ ಪ್ರಕರಣ ಮುಗಿಯಿತೆಂದು ನಂಬಿ ಊರಹಬ್ಬಕ್ಕೆ ಬಂದಾಗ ವಾರಂಟ್ ಹಿಡಿದ ಪೊಲೀಸರ ಕೈಗೆ ಸಿಗುತ್ತಾನೆ. ಬಾರದವನ ಪ್ರಕರಣ ‘ದೀರ್ಘಕಾಲ ಬಾಕಿ’ ಪ್ರಕರಣಗಳ ದಾಖಲೆಗೆ, ಅಂದರೆ ಎಲ್‌ಪಿಸಿಗೆ ಸೇರಿರುತ್ತದೆಯೇ ಹೊರತು ಮುಚ್ಚಿಹೋಗಿರುವುದಿಲ್ಲ. ಹತ್ತಾರು ವರ್ಷಗಳ ಬಳಿಕ ‘ತಲೆಮರೆಸಿಕೊಂಡಿದ್ದ ಆರೋಪಿಯ ಬಂಧನ’ ಎಂದು ಜಿಲ್ಲಾ ಪುಟಗಳಲ್ಲಿ ಬರುವ ಸುದ್ದಿಗಳ ಹಿಂದೆ ಇಂಥ ಎಲ್‌ಪಿಸಿ ವಾರಂಟ್‌ಗಳೇ ಇರುತ್ತವೆ.

ಸಮನ್ಸ್‌ಗೆ ಹಾಜರಾಗದಿರುವುದಕ್ಕೇ ನೇರವಾಗಿ ಶಿಕ್ಷೆ ವಿಧಿಸುವ ನ್ಯಾಯ ಸಂಹಿತೆಯ ಕಲಂ 208 ಕೂಡ ಇದೆ. ನ್ಯಾಯಾಲಯದ ಕರೆಗೆ ಸಂಬಂಧಿಸಿದಂತೆ 6 ತಿಂಗಳವರೆಗೆ ಸಾದಾ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಜಾಮೀನಿನ ಮೇಲೆ ಹೊರಗಿದ್ದು ಸಾಕಷ್ಟು ಕಾರಣವಿಲ್ಲದೆ ಗೈರಾದರೆ ಕಲಂ 269ರಂತೆ ಒಂದು ವರ್ಷದವರೆಗೆ ಸೆರೆವಾಸವುಂಟು. ಆದರೆ ದೈನಂದಿನ ವ್ಯವಹಾರದಲ್ಲಿ ಜನರನ್ನು ನಿಜವಾಗಿ ಕಾಡುವುದು ಈ ಕಲಂಗಳಿಗಿಂತ ವಾರಂಟ್ ಮತ್ತು ಅದರ ನಂತರ ಕಠಿಣವಾಗುವ ಜಾಮೀನು. ಜಾಮೀನು ಸಿಗಲೇಬೇಕಾದ ಅಪರಾಧದಲ್ಲಿ ಕೂಡ, ಮೊದಲ ಜಾಮೀನಿನ ಷರತ್ತು ಮುರಿದು ಗೈರಾದವನಿಗೆ ಎರಡನೆಯ ಬಾರಿ ಜಾಮೀನು ನಿರಾಕರಿಸಲು ಕಾನೂನಿನಲ್ಲಿ ಅವಕಾಶವಿದೆ. ಹಕ್ಕಾಗಿದ್ದದ್ದು ಹೀಗೆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದಾಗುತ್ತದೆ.

ಆ ದಿನ ನಿಜಕ್ಕೂ ಹೋಗಲಾಗದಿದ್ದರೆ

ಜ್ವರ, ಅಪಘಾತ, ಮನೆಯಲ್ಲಿ ಸಾವು, ಹೆರಿಗೆ, ಮಕ್ಕಳ ಪರೀಕ್ಷೆ, ಇವೆಲ್ಲ ಎಲ್ಲರ ಬದುಕಿನಲ್ಲೂ ಬರುತ್ತವೆ ಎಂಬುದು ನ್ಯಾಯಾಲಯಕ್ಕೂ ಗೊತ್ತು. ಮುಂಚೆಯೇ ವಕೀಲರಿಗೆ ತಿಳಿಸಿದರೆ ಅವರು ಆ ದಿನದ ಮಟ್ಟಿಗೆ ವೈಯಕ್ತಿಕ ಹಾಜರಾತಿಯಿಂದ ವಿನಾಯಿತಿ ಕೋರಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 355ರ ಅರ್ಜಿ ಹಾಕುತ್ತಾರೆ. ಹಳೆಯ ಸಂಹಿತೆಯಲ್ಲಿ ಇದು ಕಲಂ 317. ಆಸ್ಪತ್ರೆಯ ಚೀಟಿ, ಪ್ರಯಾಣದ ಟಿಕೆಟ್, ಆಹ್ವಾನ ಪತ್ರಿಕೆ ಯಾವುದಿದ್ದರೂ ಅದರ ಫೋಟೊವನ್ನು ಹಿಂದಿನ ದಿನವೇ ಅವರಿಗೆ ಕಳುಹಿಸಿ. ಬೆಳಗ್ಗೆ ಹನ್ನೊಂದೂವರೆಗೆ ಫೋನ್ ಮಾಡಿ ‘ಸರ್, ಬರಲಾಗಲಿಲ್ಲ’ ಎಂದರೆ ಅಷ್ಟರಲ್ಲಿ ಹೆಸರು ಕೂಗಿ ಆಗಿರುತ್ತದೆ.

ದೂರದ ಊರಿನಲ್ಲಿರುವವರು, ವೃದ್ಧರು, ಹಾಸಿಗೆ ಹಿಡಿದವರು ವಿಚಾರಣೆಯುದ್ದಕ್ಕೂ ವಕೀಲರ ಮೂಲಕ ಹಾಜರಾಗಲು ಕಲಂ 228ರಂತೆ ಕಾಯಂ ವಿನಾಯಿತಿ ಕೋರಬಹುದು. ಆರೋಪ ಸಣ್ಣದಾಗಿದ್ದು, ಗುರುತಿನ ಬಗ್ಗೆ ವಿವಾದವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಇದನ್ನು ಒಪ್ಪಬಹುದು. ಅಗತ್ಯವಿರುವ ದಿನ ಮಾತ್ರ ಖುದ್ದಾಗಿ ಬರಬೇಕಾಗುತ್ತದೆ. ನ್ಯಾಯಾಲಯದ ಅನುಮತಿ ಪಡೆದು ವಿಡಿಯೊ ಮೂಲಕ ಹಾಜರಾಗುವ ದಾರಿಯೂ ಈಗ ಇದೆ. ವಿನಾಯಿತಿ ಅರ್ಜಿಗಳನ್ನು ಮೇಲಿಂದ ಮೇಲೆ ಹಾಕುತ್ತಾ ಹೋದರೆ ಮಾತ್ರ ಒಂದು ದಿನ ಅದು ತಿರಸ್ಕೃತವಾಗಿ ಅಂದೇ ವಾರಂಟ್ ಹೊರಡುತ್ತದೆ. ಹಾಗಾಗಿ ವಿನಾಯಿತಿಯನ್ನು ನಿಜವಾದ ಅಡಚಣೆಗಾಗಿ ಉಳಿಸಿಕೊಳ್ಳಿ.

ವಾರಂಟ್ ಹೊರಟುಬಿಟ್ಟಿದ್ದರೆ

ಇಲ್ಲಿ ನಾನು ಓದುಗರಿಗೆ ಒತ್ತಾಯಪೂರ್ವಕವಾಗಿ ಹೇಳಬಯಸುವುದು ಒಂದೇ ಮಾತು: ಪೊಲೀಸರು ಬರುವ ಮುಂಚೆ ನೀವೇ ಹೋಗಿ. ತಾನಾಗಿ ಶರಣಾದವನನ್ನೂ ಪೊಲೀಸರು ಹಿಡಿದು ತಂದವನನ್ನೂ ನ್ಯಾಯಾಲಯ ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಮೊದಲಿಗೆ ಆದೇಶ ಹಾಳೆಯ ಪ್ರತಿಯನ್ನು ಪಡೆಯಿರಿ ಅಥವಾ ಇ-ಕೋರ್ಟ್ಸ್‌ನಲ್ಲಿ ದಿನವಾರು ನಡಾವಳಿ ನೋಡಿ. ಯಾವ ದಿನದಿಂದ ಗೈರಾಗಿದ್ದೀರಿ, ಯಾವ ಬಗೆಯ ವಾರಂಟ್ ಹೊರಟಿದೆ, ಉದ್ಘೋಷಣೆ ಆಗಿದೆಯೇ, ಜಾಮೀನುದಾರರಿಗೆ ನೋಟಿಸ್ ಹೋಗಿದೆಯೇ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಪ್ರಕರಣ ಎಲ್‌ಪಿಸಿಗೆ ಹೋಗಿದ್ದರೆ ಕಡತವನ್ನು ದಾಖಲೆ ಕೊಠಡಿಯಿಂದ ತರಿಸಬೇಕಾಗಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಇದನ್ನು ತಿಳಿಯದೆ ಶುಕ್ರವಾರ ಸಂಜೆ ಕೋರ್ಟಿಗೆ ಬಂದು ನಿಲ್ಲುವುದು ಜಾಣತನವಲ್ಲ. ವಾರದ ಆರಂಭದ ದಿನ, ಬೆಳಗ್ಗೆ, ಎಲ್ಲ ಕಾಗದಗಳೊಂದಿಗೆ ಹೋಗಿ.

ಜೊತೆಯಲ್ಲಿ ಇರಬೇಕಾದವು ಇವು: ವಾರಂಟ್ ಹಿಂಪಡೆಯುವ ಅರ್ಜಿ, ಅದಕ್ಕೆ ನಿಮ್ಮ ಪ್ರಮಾಣಪತ್ರ (ಅಫಿಡವಿಟ್), ಗೈರಿನ ಕಾರಣಕ್ಕೆ ಪುರಾವೆ, ಆಧಾರ್ ಪ್ರತಿ, ಫೋಟೊಗಳು ಮತ್ತು ಜಾಮೀನುದಾರರು. ಜಾಮೀನುದಾರರ ಕೈಯಲ್ಲಿ ಜಮೀನಿನ ಪಹಣಿ ಅಥವಾ ಮನೆಯ ತೆರಿಗೆ ರಸೀದಿ ಅಥವಾ ಸಂಬಳದ ಚೀಟಿ, ಅವರದೇ ಗುರುತಿನ ಚೀಟಿ ಮತ್ತು ಫೋಟೊ ಇರಲಿ. ಕಾರಣವನ್ನು ಇದ್ದದ್ದು ಇದ್ದ ಹಾಗೆ ಹೇಳಿ. ದಿನಾಂಕ ಬರೆದುಕೊಳ್ಳುವುದು ತಪ್ಪಿತು ಎಂಬ ಸತ್ಯವನ್ನು ನ್ಯಾಯಾಧೀಶರು ಮನ್ನಿಸಬಹುದು, ಆದರೆ ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಸಿಕ್ಕಿಬಿದ್ದರೆ ಅದು ಹೊಸ ಕ್ರಿಮಿನಲ್ ಪ್ರಕರಣವಾಗುತ್ತದೆ.

ಅರ್ಜಿ ಒಪ್ಪಿಗೆಯಾದರೆ ಸ್ವಲ್ಪ ದಂಡ ಅಥವಾ ವೆಚ್ಚ ಕಟ್ಟಿಸಿಕೊಂಡು, ಹೊಸದಾಗಿ ಮುಚ್ಚಳಿಕೆ ಪಡೆದು ವಾರಂಟ್ ರದ್ದುಪಡಿಸುವುದು ವಾಡಿಕೆ. ಒಪ್ಪದಿದ್ದರೆ ನ್ಯಾಯಾಂಗ ಬಂಧನಕ್ಕೆ ಕಳುಹಿಸುವ ಸಾಧ್ಯತೆಯೂ ಇದೆ, ಅದರಲ್ಲೂ ಗೈರು ಪದೇ ಪದೇ ಆಗಿದ್ದಾಗ. ಆಗ ಜಾಮೀನಿಗಾಗಿ ಸೆಷನ್ಸ್ ನ್ಯಾಯಾಲಯಕ್ಕೆ, ಬಳಿಕ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಬೇಕಾಗುತ್ತದೆ. ವಾರಂಟ್ ರದ್ದಾದ ಮೇಲೆ ಒಂದು ಕೆಲಸವನ್ನು ಮಾತ್ರ ಮರೆಯಬಾರದು. ರದ್ದತಿ ಆದೇಶದ ದೃಢೀಕೃತ ಪ್ರತಿ ಪಡೆದು ಸಂಬಂಧಿಸಿದ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯ ಕಡತದಲ್ಲಿ ಹಳೆಯ ವಾರಂಟ್ ಉಳಿದುಬಿಟ್ಟರೆ ರದ್ದಾದ ವಾರಂಟ್‌ನ ಮೇಲೆಯೇ ಪೊಲೀಸರು ಮನೆಗೆ ಬರಬಹುದು.

ಪೊಲೀಸರು ವಾರಂಟ್ ತಂದಾಗ

ವಾರಂಟ್‌ನ ಸಾರಾಂಶ ತಿಳಿಯುವುದು ಮತ್ತು ಕೇಳಿದರೆ ಅದನ್ನು ನೋಡುವುದು ನಿಮ್ಮ ಹಕ್ಕು. ಪ್ರಕರಣದ ಸಂಖ್ಯೆಯನ್ನೂ ನ್ಯಾಯಾಲಯದ ಹೆಸರನ್ನೂ ಮನೆಯವರು ಬರೆದುಕೊಳ್ಳಲಿ. ಬಂಧನದ ವಿಷಯವನ್ನು ನೀವು ಹೇಳಿದ ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ಪೊಲೀಸರು ತಿಳಿಸಬೇಕು. ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳ ಒಳಗೆ ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸಬೇಕಾದರೆ ಅಸಾಧಾರಣ ಕಾರಣ, ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ವಾದ, ತಳ್ಳಾಟ, ಹಿತ್ತಿಲ ಬಾಗಿಲಿನಿಂದ ಓಟ, ಇವು ಹೊಸ ಆರೋಪಗಳನ್ನು ತರುತ್ತವೆಯೇ ಹೊರತು ಬೇರೇನನ್ನೂ ಅಲ್ಲ.

ಸರ್ಕಾರಿ ನೌಕರರು ಇನ್ನೂ ಎಚ್ಚರದಿಂದಿರಬೇಕು. ಕರ್ನಾಟಕ ನಾಗರಿಕ ಸೇವಾ ನಿಯಮಗಳಂತೆ 48 ಗಂಟೆಗಳಿಗಿಂತ ಹೆಚ್ಚು ಕಾಲ ಬಂಧನದಲ್ಲಿದ್ದ ನೌಕರ ಅಮಾನತಿನಲ್ಲಿದ್ದಂತೆ ಪರಿಗಣಿತನಾಗುತ್ತಾನೆ. ಹಳೆಯ ಚೆಕ್ ಪ್ರಕರಣವೊಂದರ ವಾರಂಟ್‌ನಿಂದ ನೌಕರಿಯ ದಾಖಲೆಗೆ ಕಪ್ಪುಚುಕ್ಕೆ ಬೀಳುವುದು ಹೀಗೆ.

ಸಂಚಾರ ಪ್ರಕರಣಗಳು

ಹೆಲ್ಮೆಟ್, ಸಿಗ್ನಲ್, ನಿಲುಗಡೆಯಂಥ ಉಲ್ಲಂಘನೆಗಳ ದಂಡವನ್ನು ಆನ್‌ಲೈನ್‌ನಲ್ಲಿ, ಬೆಂಗಳೂರು ಒನ್ ಅಥವಾ ಕರ್ನಾಟಕ ಒನ್ ಕೇಂದ್ರಗಳಲ್ಲಿ, ಸಂಚಾರ ಠಾಣೆಗಳಲ್ಲಿ ಕಟ್ಟಿ ಮುಗಿಸಬಹುದು. ಕಟ್ಟದೆ ಬಿಟ್ಟರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಶೇ 50ರ ರಿಯಾಯಿತಿಯನ್ನು ಸರ್ಕಾರ 2023ರಲ್ಲೂ 2025ರಲ್ಲೂ ಕೊಟ್ಟದ್ದು ನಿಜವಾದರೂ, ಮುಂದಿನ ರಿಯಾಯಿತಿಯ ಆಸೆಯಿಂದ ನ್ಯಾಯಾಲಯದ ಸಮನ್ಸನ್ನು ಕಡೆಗಣಿಸುವುದು ಸರಿಯಲ್ಲ.

ಕುಡಿದು ವಾಹನ ಚಲಾಯಿಸಿದ ಪ್ರಕರಣ ಇದಕ್ಕಿಂತ ಭಿನ್ನ. ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಅವಕಾಶ ಇದರಲ್ಲಿಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. ಮೊದಲ ಬಾರಿಗೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ವಾಹನ ಬಿಡಿಸಿಕೊಂಡ ಮೇಲೆ ‘ಇನ್ನೇನಿದೆ’ ಎಂದು ನ್ಯಾಯಾಲಯಕ್ಕೆ ಹೋಗದವರಿಗೂ ಮೇಲೆ ಹೇಳಿದ ವಾರಂಟ್‌ನ ಸರಣಿಯೇ ಅನ್ವಯಿಸುತ್ತದೆ.

ಸಿವಿಲ್ ಮತ್ತು ಕುಟುಂಬ ಪ್ರಕರಣಗಳು

ಸಿವಿಲ್ ದಾವೆಯ ಸಮನ್ಸ್‌ಗೆ ಹೋಗದಿದ್ದರೆ ಪ್ರತಿವಾದಿಯನ್ನು ಬಂಧಿಸುವುದಿಲ್ಲ, ನಷ್ಟವಾಗುವುದು ಆಸ್ತಿಗೆ ಮತ್ತು ಹಕ್ಕಿಗೆ. ನಿಮ್ಮನ್ನು ಏಕಪಕ್ಷೀಯ ಎಂದು ದಾಖಲಿಸಿ, ವಾದಿ ಹೇಳಿದ್ದನ್ನು ಮಾತ್ರ ಕೇಳಿ ಡಿಕ್ರಿ ಕೊಡಬಹುದು. ಪಿತ್ರಾರ್ಜಿತ ಜಮೀನಿನ ಪಾಲು ದಾವೆಯಲ್ಲಿ ‘ಅಕ್ಕ ಹಾಕಿದ ಕೇಸು, ಮನೆಯಲ್ಲೇ ಮಾತಾಡಿಕೊಳ್ಳೋಣ’ ಎಂದು ಕುಳಿತ ಅಣ್ಣತಮ್ಮಂದಿರು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಡಿಕ್ರಿ ಜಾರಿಯ ಹಂತಕ್ಕೆ ಬಂದಿರುತ್ತದೆ.

ಸಮನ್ಸ್ ಜಾರಿಯಾದ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ತೋರಿಸಿದರೆ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಏಕಪಕ್ಷೀಯ ಎಂದು ಇಟ್ಟ ಮೇಲೂ, ವಿಚಾರಣೆ ನಡೆಯುತ್ತಿರುವಾಗಲೇ ಬಂದು ಸಕಾರಣ ತೋರಿಸಿದರೆ ಮತ್ತೆ ಸೇರಿಕೊಳ್ಳಬಹುದು. ಡಿಕ್ರಿ ಆಗಿಹೋಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರಂತೆ ರದ್ದತಿಗೆ ಅರ್ಜಿ ಹಾಕಬೇಕು. ಇದಕ್ಕಿರುವ ಕಾಲಮಿತಿ ಡಿಕ್ರಿಯ ದಿನಾಂಕದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೆ ಸಲ್ಲಿಸಬೇಕಾಗುತ್ತದೆ.

ಜೀವನಾಂಶದ ಅರ್ಜಿಯಲ್ಲಿ ಗಂಡ ಬೇಕೆಂದೇ ಬಾರದಿದ್ದರೆ ಏಕಪಕ್ಷೀಯವಾಗಿ ಆದೇಶ ಮಾಡಬಹುದು. ಅದನ್ನು ರದ್ದುಪಡಿಸಲು ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಬಾಕಿ ಜೀವನಾಂಶ ಕಟ್ಟದಿದ್ದರೆ ಅಲ್ಲಿ ಬಂಧನದ ವಾರಂಟ್ ಬರುತ್ತದೆ ಎಂಬುದು ನೆನಪಿರಲಿ. ಜೀವನಾಂಶ ಕೇಳಿದ ಹೆಣ್ಣುಮಗಳು ತಿಂಗಳುಗಟ್ಟಲೆ ಕಾಯುವಂತೆ ಮಾಡುವ ಗೈರುಹಾಜರಿಯನ್ನು ನಾನು ಜಾಣತನ ಎಂದು ಕರೆಯಲಾರೆ.

ಸಾಕ್ಷಿಗಳು, ಜಾಮೀನುದಾರರು, ವಿದೇಶದಲ್ಲಿರುವವರು

ಸಾಕ್ಷಿಯಾಗಿ ಸಮನ್ಸ್ ಬಂದವರು ಸಕಾರಣವಿಲ್ಲದೆ ಗೈರಾದರೆ 500 ರೂಪಾಯಿವರೆಗೆ ದಂಡವನ್ನು ಸಂಕ್ಷಿಪ್ತವಾಗಿ ವಿಧಿಸಬಹುದು, ವಾರಂಟ್ ಕೂಡ ಹೊರಡಿಸಬಹುದು. ದಂಡ ಸಣ್ಣದು, ಆದರೆ ಸಾಕ್ಷಿಗಾಗಿ ಪೊಲೀಸರು ಮನೆಗೆ ಬರುವ ಮುಜುಗರ ಸಣ್ಣದಲ್ಲ.

ಸ್ನೇಹಕ್ಕೋ ಸಂಬಂಧಕ್ಕೋ ಕಟ್ಟುಬಿದ್ದು ಪಹಣಿ ಕೊಟ್ಟು ಜಾಮೀನು ನಿಂತವರ ಸ್ಥಿತಿ ಹೆಚ್ಚು ಕಷ್ಟದ್ದು. ಆರೋಪಿ ಗೈರಾದರೆ ಮುಚ್ಚಳಿಕೆಯನ್ನು ಮುಟ್ಟುಗೋಲು ಹಾಕಿ, ಜಾಮೀನಿನ ಮೊತ್ತವನ್ನು ಏಕೆ ವಸೂಲು ಮಾಡಬಾರದು ಎಂದು ನೋಟಿಸ್ ಕೊಡುತ್ತಾರೆ. ಕಟ್ಟದಿದ್ದರೆ ದಂಡದಂತೆ ವಸೂಲಿ, ವಸೂಲಾಗದಿದ್ದರೆ 6 ತಿಂಗಳವರೆಗೆ ಸಿವಿಲ್ ಕಾರಾಗೃಹ. ನೋಟಿಸ್ ಬಂದ ಕೂಡಲೇ ಆರೋಪಿಯನ್ನು ಹುಡುಕಿ ನ್ಯಾಯಾಲಯಕ್ಕೆ ಕರೆತರುವುದು ಅಥವಾ ಜಾಮೀನಿನಿಂದ ಬಿಡುಗಡೆ ಕೋರಿ ಅರ್ಜಿ ಹಾಕುವುದು ಜಾಮೀನುದಾರರಿಗಿರುವ ದಾರಿ. ಆರೋಪಿಯಾದವರು ಈ ಭಾರವನ್ನು ನೆನಪಿಟ್ಟುಕೊಳ್ಳಬೇಕು.

ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ಕರಾವಳಿಯವರು, ಬೇರೆ ಬೇರೆ ದೇಶಗಳಲ್ಲಿರುವ ಕನ್ನಡಿಗರು ಊರಿನ ಪ್ರಕರಣ ಅಲ್ಲಿಯವರೆಗೆ ಬಾರದು ಎಂದುಕೊಳ್ಳುವಂತಿಲ್ಲ. ನ್ಯಾಯಾಲಯದ ಸಮನ್ಸ್ ಅಥವಾ ವಾರಂಟ್ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಅಥವಾ ಜಪ್ತಿ ಮಾಡಲು ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅಧಿಕಾರವಿದೆ. ಲುಕ್‌ಔಟ್ ಸುತ್ತೋಲೆ ಹೊರಟಿದ್ದರೆ ರಜೆಗೆ ಬಂದಿಳಿದ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಟಿಕೆಟ್ ಕಾಯ್ದಿರಿಸುವ ಮುಂಚೆ ಇ-ಕೋರ್ಟ್ಸ್‌ನಲ್ಲಿ ಪರಿಶೀಲಿಸಿ, ಊರಿನ ವಕೀಲರಿಗೆ ವಕಾಲತ್ತು ಕಳುಹಿಸಿ, ಬರುವ ದಿನಾಂಕ ತಿಳಿಸಿ ಹಾಜರಾಗಲು ಅನುಮತಿ ಕೋರಿದರೆ ಆ ಸ್ಥಿತಿ ಬರದಂತೆ ನೋಡಿಕೊಳ್ಳಬಹುದು. ಪ್ರಕರಣ ಬಾಕಿಯಿದ್ದಾಗಲೂ ನ್ಯಾಯಾಲಯದ ಅನುಮತಿ ಪಡೆದು ಪಾಸ್‌ಪೋರ್ಟ್ ನವೀಕರಿಸಿಕೊಳ್ಳುವುದಕ್ಕೆ ದಾರಿಯಿದೆ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

ಪ್ರತಿ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ, ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿಯೂ ಇವೆ. 1987ರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಇತರರಿಗೆ ಆದಾಯ ಮಿತಿ ಅನ್ವಯಿಸುತ್ತದೆ. ಸಮನ್ಸ್‌ನ ಪ್ರತಿ, ಆಧಾರ್, ಅನ್ವಯವಾಗುವ ಜಾತಿ ಅಥವಾ ಆದಾಯ ಪ್ರಮಾಣಪತ್ರ ಹಿಡಿದು ಅಲ್ಲಿಗೆ ಹೋದರೆ ಅರ್ಜಿಯನ್ನು ಅಲ್ಲಿಯೇ ಬರೆದುಕೊಡಬಹುದು. ಹೋಗಲಾಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ದಿನಾಂಕ ನಾಳೆಯೇ ಇದ್ದು ವಕೀಲರು ಇನ್ನೂ ಗೊತ್ತಾಗಿಲ್ಲದಿದ್ದರೂ ಸಮನ್ಸ್ ಕಾಗದ ಹಿಡಿದು ನ್ಯಾಯಾಲಯಕ್ಕೆ ಹೋಗಿ, ಹೆಸರು ಕೂಗಿದಾಗ ಮುಂದೆ ಬಂದು, ವಕೀಲರನ್ನು ನೇಮಿಸಿಕೊಳ್ಳಲು ಸಮಯ ಬೇಕೆಂದು ಕನ್ನಡದಲ್ಲಿಯೇ ನ್ಯಾಯಾಧೀಶರಲ್ಲಿ ಕೇಳಿಕೊಳ್ಳಿ. ಅಂದಿನ ಆದೇಶ ಹಾಳೆಯಲ್ಲಿ ‘ಆರೋಪಿ ಹಾಜರು’ ಎಂದು ದಾಖಲಾಗುತ್ತದೆ.